ತಪ್ಪಿದ್ದಕ್ಕೂ ಒಂದು

ಬನ್ನಿ, ಹೊಸಬರು ಮುಂದೆ ಬನ್ನಿ.
ಚಪ್ಪಲಿ ಆ ಗಾಳಿಮರದ ಬುಡದಲ್ಲಿ ಬಿಡಿ.
ಇದು ಫುಟ್‌ಬಾಲೇ, ನಿಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ.
ಚೆಂಡು ನೋಡಿ, ಸುಲಿಯದ ತೆಂಗಿನಕಾಯಿಯ ಆಕಾರ,
ಬಿದ್ದರೆ ಎತ್ತ ಪುಟಿಯುತ್ತದೋ ಅದಕ್ಕೇ ಗೊತ್ತಿಲ್ಲ.

ನಲವತ್ತೊಂದು ದಿನ ಜೀಲಾಂಗ್ ಬಂದರದಲ್ಲಿ
ನಮ್ಮ ಹಡಗು ಎಂಜಿನ್ ಕೆಟ್ಟು ನಿಂತಿತ್ತು.
ಎಣ್ಣೆ ಒರೆಸುವ ನನಗೆ ಕೆಲಸವಿಲ್ಲ, ಭಾಷೆ ಅಷ್ಟಕ್ಕಷ್ಟೆ.
ಗೋದಿ ತುಂಬುವ ಹುಡುಗರು ಸಂಜೆ ಕರೆದರು.
ಮೊದಲ ದಿನ ಮೂಗು ಒಡೆದರು,
ಎರಡನೇ ದಿನ ಹೆಸರು ಕೇಳಿದರು.

ಇದು ತಣ್ಣೀರುಬಾವಿಯ ಇಳಿತದ ಮರಳು,
ಒದ್ದೆ ಇರುವಷ್ಟು ಹೊತ್ತು ಗಟ್ಟಿ.
ಹೆಬ್ಬೆರಳಲ್ಲಿ ಎಳೆದ ಈ ಗೆರೆ ಚೌಕ ಅಲ್ಲ, ಮೊಟ್ಟೆ.
ಮೂಲೆಗೆ ಹೋಗಿ ನಿಲ್ಲುವವರಿಗೆ ಇಲ್ಲಿ ಮೂಲೆಯೇ ಇಲ್ಲ.
ನಿಶಿತ್, ನಿನಗೇ ಹೇಳಿದ್ದು.
ಒಂದೊಂದು ಕಡೆಗೆ ಹದಿನೆಂಟು ಜನ ಬೇಕು, ನಾವು ಏಳೇಳು.
ಓಟ ಸ್ವಲ್ಪ ಜಾಸ್ತಿ, ಅಷ್ಟೆ.

ಚೆಂಡು ಹಿಡಿದು ಓಡಬಹುದು. ಹದಿನೈದು ಮೀಟರ್,
ಅಂದರೆ ಆ ಮಗುಚಿದ ದೋಣಿಯಿಂದ ಈ ಬಲೆರಾಶಿಯ ತನಕ,
ಓಡಿದ ಮೇಲೆ ಒಮ್ಮೆ ನೆಲಕ್ಕೆ ಪುಟಿಸಬೇಕು,
ಆಗದಿದ್ದರೆ ಬಗ್ಗಿ ಮುಟ್ಟಿಸಿದರೂ ನಡೆಯುತ್ತದೆ.
ನೆಲ ಮರೆತರೆ ಸೀಟಿ.
ಬುಟ್ಟಿಗೆ ಬಂಗುಡೆ ಎಸೆದ ಹಾಗೆ ಎಸೆಯುವಂತಿಲ್ಲ:
ಒಂದು ಅಂಗೈಯಲ್ಲಿಡು, ಇನ್ನೊಂದು ಮುಷ್ಟಿಯಲ್ಲಿ ಗುದ್ದು.
ಹೆಗಲಿನ ಕೆಳಗೆ, ಮೊಣಕಾಲಿನ ಮೇಲೆ ಹಿಡಿದು ಕೆಡವಬಹುದು.
ಅಂಗಿ ಹರಿದದ್ದು ಹೇಗೆಂದು ಅಮ್ಮನಿಗೆ ಹೇಳುವುದು
ನಿಮ್ಮ ನಿಮ್ಮ ಜವಾಬ್ದಾರಿ.

ಇನ್ನು ಮಾರ್ಕ್. ಸರಿಯಾಗಿ ಕೇಳಿ.
ದೂರದಿಂದ ಒದ್ದ ಚೆಂಡನ್ನು ಬೇರೆ ಯಾರೂ ಮುಟ್ಟುವ ಮೊದಲು
ಗಾಳಿಯಲ್ಲೇ ಹಿಡಿದುಬಿಟ್ಟರೆ ಆಟ ನಿಲ್ಲುತ್ತದೆ.
ನಿನ್ನ ಮೇಲೆ ಯಾರೂ ಬೀಳುವಂತಿಲ್ಲ.
ಎದುರಾಳಿ ಕಂಬವಾಗಬೇಕು. ಉಸಿರು ತಕ್ಕೋ, ನೋಡು, ಒದೆ.
ಅದಕ್ಕಾಗಿ ಇನ್ನೊಬ್ಬನ ಬೆನ್ನಿಗೆ ಮೊಣಕಾಲು ಕೊಟ್ಟು ಹಾರಬಹುದು,
ಹೌದು ಮಾರಾಯ, ಕಾನೂನಿನಲ್ಲೇ ಉಂಟು.
ಕಳೆದ ಆದಿತ್ಯವಾರ ಶಮ್ಲಾ, ಎಲ್ಲರಿಗಿಂತ ಗಿಡ್ಡಿ,
ಕರ್ಕೇರರ ಮಗನ ಬೆನ್ನೇರಿ ಹಿಡಿದಳು.
ಇಳಿದು "ನೋವಾಯಿತಾ?" ಎಂದು ಕೇಳಿದಳು.
ಕೇಳಬೇಕೆಂಬ ನಿಯಮವೇನಿಲ್ಲ.

ಆ ತುದಿಗೆ ನಾಲ್ಕು ಕಂಬ, ಈ ತುದಿಗೆ ನಾಲ್ಕು.
ನಡುವಿನ ಎರಡರ ಮಧ್ಯೆ ಒದ್ದರೆ ಆರು.
ಮಗ್ಗುಲಿನ ಕಂಡಿಯಲ್ಲಿ ಹೋದರೆ ಒಂದು.
"ತಪ್ಪಿದ್ದಕ್ಕೆ ಯಾಕೆ ಅಂಕ?" ರಿಯೋನಾ ಕೇಳಿದಳು.
ನಾನೂ ಅಲ್ಲಿ ಕೇಳಿದ್ದೆ.
ಕೈಗವಸು ಕಳಚುತ್ತ ಆ ಹುಡುಗ ಹೇಳಿದ,
"ಹತ್ತಿರ ಬಂದಿದ್ದೀಯಲ್ಲ."

ಗೋಲ್ ಅಂಪೈರ್ ನಮ್ಮ ಗುಲಾಬಿಯಕ್ಕ,
ಬೆಳಿಗ್ಗೆ ದಕ್ಕೆಯಲ್ಲಿ ಮೀನು ಮಾರಿ ಬಂದವಳು.
ಎರಡು ತೋರುಬೆರಳು ಚಾಚಿದರೆ ಗೋಲ್, ಒಂದಾದರೆ ಒಂದು.
ಬಾವುಟದ ಬದಲಿಗೆ ಎರಡು ಬೈರಾಸು.
ಆವತ್ತು ಮೂರು ಗೋಲ್ ಹೊಡೆದವರು ಕುಣಿಯುತ್ತಿದ್ದರು.
ಅಕ್ಕ ಮರಳಿನ ಗೀಟು ಎಣಿಸಿದಳು:
"ಇವರದ್ದು ಗೋಲ್ ಎರಡು, ಹನ್ನೆರಡು. ತಪ್ಪಿದ್ದು ಏಳು.
ಹತ್ತೊಂಬತ್ತು. ನಿಮ್ಮದು ಹದಿನೆಂಟೇ. ಬೊಬ್ಬೆ ಸಾಕು."
ಏಳು ಸಲ ತಪ್ಪಿದವ ನಿಶಿತ್ ಒಬ್ಬನೇ.
ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಲು ಹೇಳಿದ.
ಎಣಿಸಿದಳು. ಮೂರನೇ ಸಲವೂ ಹೇಳಿದ.
ಅದಕ್ಕೆ ಬೈದಳು, ಆದರೂ ಎಣಿಸಿದಳು.

ಚೆಂಡು ಗೆರೆ ದಾಟಿದರೆ, ಅಂಪೈರ್ ಮೈದಾನಕ್ಕೆ ಬೆನ್ನು ಹಾಕಿ
ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು ಕ್ರಮ.
ಪಡುವಣ ಬದಿಗೆ ನಮ್ಮಲ್ಲಿ ಆಳಿಲ್ಲ, ಅಲ್ಲಿ ಕಡಲೇ.
ಕೊಡುತ್ತದೆ, ಅದಕ್ಕೆ ಪುರುಸೊತ್ತಾದಾಗ.
ಯಾವ ಜಾಗದಲ್ಲಿ ಎಂದು ಮಾತ್ರ ಜಗಳ ಮಾಡಬೇಡಿ.

ಅಗೋ, ನೀರು ಏರುತ್ತಿದೆ,
ಮೊಟ್ಟೆಯ ಒಂದು ಬದಿ ಆಗಲೇ ಅಳಿಸಿದೆ.
ಮೊದಲು ಯಾರು ಹಾರುತ್ತೀರಿ? ನೀನಾ?
ಕನ್ನಡಕ ಗುಲಾಬಿಯಕ್ಕನ ಕೈಲಿ ಕೊಡು.
ಚೆಂಡು ಮೇಲೆ ಹಾಕುತ್ತೇನೆ.
ಕಣ್ಣು ಮುಚ್ಚಬೇಡ.