ಖಾಲಿ ತಟ್ಟೆ

ಎಡಕ್ಕೆ ಎಳೆಯುತ್ತಿತ್ತು. ಕಡ್ಡಿಯಿಂದ ಹೆಬ್ಬೆಟ್ಟು ತೆಗೆದರೂ ಎಡಕ್ಕೆ,
ಗೂಟಕ್ಕೆ ಕಟ್ಟಿದ ಹಸು ಪಕ್ಕದ ಹೊಲದ
ಹಿಪ್ಪುನೇರಳೆಗೆ ಕತ್ತು ಚಾಚುವ ಹಾಗೆ.
ಮೂರು ತಿಂಗಳು ಗಾಳಿಯನ್ನು ಬೈದೆ,
ಶಿಡ್ಲಘಟ್ಟದ ಕೆರೆಯಂಗಳದ ಗಾಳಿ, ಸಂಜೆ ಐದರ ಮೇಲೆ
ಬಿಚ್ಚಾಣಿಕೆ ಮನೆಗಳ ಬೆಂದ ಹುಳದ ವಾಸನೆ ಹೊತ್ತು ಬರುವುದು.
ಅದಕ್ಕೆ ಬಾಯಿಲ್ಲ, ಬೈಸಿಕೊಂಡಿತು.

ಟ್ರಿಮ್ ಗುಂಡಿ ಇದೆಯಲ್ಲ. ಬಲಕ್ಕೆ ಒಂದು ಒತ್ತು: ಪೀಂ.
ಇನ್ನೊಂದು: ಪೀಂ. ಮುಂದಿನ ವಾರ ಇನ್ನೆರಡು.
ಹದಿನೇಳು ಪೀಂ ಆಗುವ ಹೊತ್ತಿಗೆ
ಹೆಲಿಕಾಪ್ಟರು ನೆಟ್ಟಗೆ ನಿಂತಿತು, ನಿಂತ ಹಾಗೆ ಕಂಡಿತು.
ತಲೆಕೆಳಗು ಮಾಡಲು ಹೋದೆ, ಬಾಲ ಮುರಿದುಕೊಂಡಿತು.

ಇದನ್ನು ಮಾರಿದ್ದು ಮದುವೆ ಫೋಟೋದ ಇಮ್ತಿಯಾಜ್.
ಕ್ಯಾಮೆರಾ ಕಟ್ಟಿ ಛತ್ರದ ಮೇಲೆ ಹಾರಿಸುತ್ತೇನೆ ಅಂತ ತಂದವನು
ಡ್ರೋನು ಬಂದ ಮೇಲೆ ಅಟ್ಟಕ್ಕೆ ಹಾಕಿದ್ದ.
"ರಿಮೋಟಿನ ಕಡ್ಡಿ ಒಂಚೂರು ಸವೆದಿದೆ, ಅಣ್ಣ" ಅಂದಿದ್ದ.
ಕಮ್ಮಿ ರೇಟಿನ ಮುಂದೆ ಆ ಮಾತು ಕಿವಿಗೆ ಬಿದ್ದಿರಲಿಲ್ಲ.

ನನ್ನ ಕೆಲಸ ಗೂಡಿನ ಮಾರುಕಟ್ಟೆಯಲ್ಲಿ ತೂಕ.
ಬೆಳಗ್ಗೆಯಿಂದ ಕ್ರೇಟು, ಕ್ರೇಟು, ಹಳದಿ ಗೂಡು, ಬಿಳಿ ಗೂಡು,
ಕೆಂಪು ಅಂಕಿ, ಕೂಗು, ಚೀಟಿ.
ಹೋದ ವರ್ಷ ಮೂರನೇ ನಂಬರಿನ ತಕ್ಕಡಿ
ಏನೂ ಇಡದಿದ್ದರೂ ಮೈನಸ್ ನೂರೈವತ್ತು ಗ್ರಾಂ ತೋರುತ್ತಿತ್ತು.
ನನಗೆ ಗೊತ್ತಿತ್ತು. ಲಾಟಿಗೆ ನೂರೈವತ್ತು ಸೇರಿಸಿ ಬರೆಯುತ್ತಿದ್ದೆ,
ಮನಸ್ಸಿನಲ್ಲೇ ಲೆಕ್ಕ. ಗದ್ದಲದ ದಿನ ಮರೆತದ್ದೂ ಉಂಟು,
ಎಷ್ಟು ಸಲ ಅಂತ ಕೇಳಬೇಡಿ.

ಜಂಗಮಕೋಟೆ ಕಡೆಯ ಪಿಳ್ಳಮ್ಮ, ಬಾಯಿ ತುಂಬ ಎಲೆಯಡಿಕೆ,
ಕ್ರೇಟಿನ ಮೇಲೆ ಅಂಗೈ ಊರಿ ನಿಂತಳು:
"ಮೊದ್ಲು ಖಾಲಿ ತಟ್ಟೆ ತೋರ್ಸಪ್ಪ."
ಸೇರಿಸಿಯೇ ಬರೀತೀನಮ್ಮ, ಅಂದೆ.
"ನೀನು ಸೇರ್ಸೋದು ನಿನ್ನ ಒಳ್ಳೇತನ.
ನಾನು ತಂದಿರೋದು ಗೂಡು. ಸೊನ್ನೆ ಸೊನ್ನೆ ಥರ ಇರ್ಲಿ."
ಸಾಲು ನಿಂತಿತು. ರೀಲರುಗಳು ಗೊಣಗಿದರು.
ತಟ್ಟೆ ಒರೆಸಿ ಸೊನ್ನೆಗೆ ಕೂರಿಸಿದೆ. ಎರಡೇ ನಿಮಿಷ.
ಎಂಟು ತಿಂಗಳು ಮುಂದೂಡಿದ್ದ ಕೆಲಸ.

ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಕೂತು
ಹೆಲಿಕಾಪ್ಟರಿನ ಬ್ಯಾಟರಿ ಕಿತ್ತಿಟ್ಟು
ಮೊದಲು ಆ ಹದಿನೇಳನ್ನೂ ವಾಪಸು ಒತ್ತಿದೆ, ಒಂದೊಂದೇ ಪೀಂ.
"ಹಾಲಿನವನಾ?" ಅಂದಳು ನಾಗವೇಣಿ, ನಿದ್ದೆಯೊಳಗಿಂದ.

ಕೈ ಬಿಟ್ಟೆ. ಪರದೆಯ ಮೇಲೆ ಮೈನಸ್ ಏಳು.
ಯಾರೂ ಮುಟ್ಟದ ಕಡ್ಡಿ, ಮೈನಸ್ ಏಳು.
ಕಿಟಕಿ ಮುಚ್ಚಿತ್ತು. ದೀಪದ ಕುಡಿಯೂ ಅಲ್ಲಾಡುತ್ತಿರಲಿಲ್ಲ.

ನಡುವಿಗೆ ತಾ ಅಂತು. ತಂದೆ.
ಮೂಲೆ ಮೂಲೆಗೂ ಒಯ್ಯಿ ಅಂತು. ಒಯ್ದೆ,
ಮುದ್ದೆ ಕೋಲು ಪಾತ್ರೆಯ ಅಂಚು ಸವರುವ ಹಾಗೆ
ಸುತ್ತು ಬರಿಸಿ, ಒಂದೂ ಕಡೆ ಬಿಡದೆ, ಜೋರು ಮಾಡದೆ;
ಬಲವಂತ ಮಾಡಿದರೆ ಅದನ್ನೂ ನಿಜ ಅಂದುಕೊಳ್ಳುತ್ತದೆ.

ಬಲಗೈ ಕಡ್ಡಿಗೆ ಸ್ಪ್ರಿಂಗ್ ಇದೆ, ಬಿಟ್ಟರೆ ತಾನೇ ಮನೆಗೆ ಬರುತ್ತದೆ.
ಎಡಗೈಯದೂ ಅಡ್ಡಕ್ಕೆ ಹಾಗೇ.
ಮೇಲೆ ಕೆಳಗೆ ಮಾತ್ರ, ಏರಿಸುವ ಇಳಿಸುವ ದಾರಿಯಲ್ಲಿ,
ಇಟ್ಟಲ್ಲೇ ಇರುತ್ತದೆ. ಅದಕ್ಕೆ ನಡು ಅನ್ನುವುದು ಗೊತ್ತಿಲ್ಲ.
ಅರ್ಧ ಎಲ್ಲಿ ಅಂತ ನಾನೇ ಹೇಳಬೇಕು.
ಹಳೇ ಲಗ್ನಪತ್ರಿಕೆ ಕತ್ತರಿಸಿ, ಅಳೆದು, ಮಡಿಸಿ,
ಒಂದು ಕೂದಲು ಕೆಳಗೆ ತಂದು
ಇದೇ ಅಂದೆ. ನಂಬಿತು.
ಅಷ್ಟು ಸುಲಭವಾಗಿ ನಂಬಿದ್ದಕ್ಕೆ ಕೊಂಚ ಹೆದರಿಕೆಯಾಯಿತು.

ಸೊನ್ನೆ. ಸೊನ್ನೆ. ಸೊನ್ನೆ. ಸೊನ್ನೆ.
ಪಿಳ್ಳಮ್ಮ ನೋಡಿದ್ದರೆ ಎಲೆ ಉಗಿದು ಬಂದು ಇನ್ನೊಂದು ಸಲ ನೋಡುತ್ತಿದ್ದಳು.

ಈ ಹೊತ್ತು ಕೆರೆಯಂಗಳದಲ್ಲಿ ಎದೆಯೆತ್ತರಕ್ಕೆ ಎಬ್ಬಿಸಿ
ಬಲ ಹೆಬ್ಬೆಟ್ಟು ತೆಗೆದೆ. ನಿಂತಿತು.
ಸೀಮೆಜಾಲಿ ಅಲ್ಲಾಡಿತು, ಆಮೇಲೆ
ಒಂದು ಗೇಣು ಎಡಕ್ಕೆ ಸರಿಯಿತು.

ಇದು ಗಾಳಿ.
ಇದು ಗಾಳಿಯದೇ.
ಈಗ ಬೈಯಬಹುದಿತ್ತು. ಮನಸ್ಸಾಗಲಿಲ್ಲ.