ಮೊದಲು ತಿರುವಬೇಕು

ಅನ್ನ ಬೆಂದಿದೆಯೇ ಎಂದು ನೋಡಲು
ಗಂಗಹನುಮಕ್ಕ ಇಡೀ ಹಂಡೆ ಹಿಸುಕುವುದಿಲ್ಲ.
ಒಂದಗುಳು, ಹೆಬ್ಬೆರಳು ತೋರುಬೆರಳಿನ ನಡುವೆ.
ಸಾಕು.

ಏಳನೇ ಕ್ಲಾಸಿಗೆ ‘ಮಾದರಿ’ ಎಂಬ ಪಾಠ
ನಾನು ಶುರುಮಾಡಿದ್ದು ಹೀಗೆ,
ಲಗ್ಗೆರೆಯ ಸರ್ಕಾರಿ ಶಾಲೆಯ ಅಡುಗೆಕೋಣೆಯ ಬಾಗಿಲಲ್ಲಿ,
ಮೂವತ್ತು ಮಕ್ಕಳನ್ನು ಒತ್ತಾಗಿ ನಿಲ್ಲಿಸಿ,
ರಿಂಗ್ ರೋಡಿನ ಲಾರಿಗಳು ನನ್ನ ಮಾತನ್ನು
ಅರ್ಧರ್ಧ ನುಂಗುತ್ತಿರುವಾಗ.

“ಮೇಲಿನ ಅಗುಳೋ ತಳದ್ದೋ ಮಿಸ್?” ಅಂದಳು ಶಾಹೀನ್.
“ನಮ್ಮನೇಲಿ ತಳ ಯಾವಾಗ್ಲೂ ಸೀದಿರುತ್ತೆ.”
ಗಂಗಹನುಮಕ್ಕ ಸೌಟು ಎತ್ತಿ ತೋರಿಸಿದಳು:
“ಮೊದ್ಲು ತಿರುವ್ಬೇಕು ಕಣವ್ವ, ಆಮೇಲೆ ಹಿಸುಕ್ಬೇಕು.”
ಇದನ್ನು ಹೇಳಲು ಪುಸ್ತಕ ಎರಡು ಪುಟ ತೆಗೆದುಕೊಂಡಿತ್ತು.

ನನ್ನ ಪ್ರಶ್ನೆ ಸುಲಭದ್ದು.
ಶುಕ್ರವಾರ ಯಾರಿಗೆ ಏನು ಬೇಕು,
ಮೊಟ್ಟೆಯೋ, ಬಾಳೆಹಣ್ಣೋ, ಚಿಕ್ಕಿಯೋ?
ಕೈ ಎತ್ತಿ, ಅಂದೆ.
ಕೈಗಿಂತ ಮೊದಲು ಕಣ್ಣುಗಳು ಎದ್ದವು,
ಪಕ್ಕದ ಬೆಂಚಿಗೆ, ಮುಂದಿನ ಸಾಲಿಗೆ,
ಒಂದೆರಡು, ನನ್ನ ಹಣೆಗೆ.
ಮೊಟ್ಟೆಗೆ ಹನ್ನೊಂದು. ಬಾಳೆಗೆ ಹದಿನಾರು. ಚಿಕ್ಕಿಗೆ ಮೂರು.
ಯಲ್ಲಾಲಿಂಗನ ಕೈ ಮೊದಲ ಸಲ ಕಿವಿಯವರೆಗೆ ಬಂದು
ತಲೆ ಕೆರೆದುಕೊಂಡು ಇಳಿದಿತ್ತು.
ಎರಡನೆಯ ಸಲ ನೆಟ್ಟಗೆ ನಿಂತಿತು, ಬಾಳೆಗೆ.

ತಾಳೆ ಗುರುತು ಹಾಕಿದೆವು, ನಾಲ್ಕು ಕಡ್ಡಿ, ಐದನೆಯದು ಅಡ್ಡ,
ಸೌದೆ ಹೊರೆ ಕಟ್ಟಿದ ಹಾಗೆ.
ಸ್ತಂಭಾಲೇಖಕ್ಕೆ
ಬಾಳೆಗೆ ಹಳದಿ ಸೀಮೆಸುಣ್ಣ, ಮೊಟ್ಟೆಗೆ ಬಿಳಿ,
ಚಿಕ್ಕಿಗೆ ಕಾಂಪೌಂಡಿನಿಂದ ಕಿತ್ತ ಇಟ್ಟಿಗೆ ಚೂರು.
ಹಳದಿ ಕಂಬ ಬೋರ್ಡಿನ ನೆತ್ತಿ ಮುಟ್ಟಿತು.
ಮೂವತ್ತಕ್ಕೆ ಹನ್ನೊಂದಾದರೆ ಇನ್ನೂರ ನಲವತ್ತಕ್ಕೆ?
ಎಂಬತ್ತೆಂಟು! ಕಿಟಕಿ ಅದುರುವಂತೆ ಕೂಗಿದರು.
ಲೆಕ್ಕ ಸರಿಯಿತ್ತು.
ಹೆಡ್‌ಮಿಸ್ ಅಷ್ಟೇ ತರಿಸಿದರು.

ಶುಕ್ರವಾರ ಮೊಟ್ಟೆಯ ಸಾಲು
ನಲ್ಲಿ ದಾಟಿ, ಗೇಟಿನ ಹತ್ತಿರ ತಿರುಗಿ,
ತನ್ನ ಬಾಲವನ್ನೇ ನೋಡುತ್ತಿತ್ತು.
ಕೊನೆಯ ಮೊಟ್ಟೆ ಐದನೇ ಕ್ಲಾಸಿನ ಹುಡುಗಿಗೆ,
ಹಿಂದೆ ನಿಂತ ಅವಳ ತಮ್ಮನಿಗೆ ಬಾಳೆಹಣ್ಣು.
ಅವನದನ್ನು ಚಡ್ಡಿ ಜೇಬಿಗೆ ತುರುಕಿಕೊಂಡ, ತಿನ್ನಲಿಲ್ಲ.
ಉಳಿದ ಬಾಳೆ ಬುಟ್ಟಿಯಲ್ಲೇ
ಸೋಮವಾರದ ಹೊತ್ತಿಗೆ ಕಪ್ಪಾಯಿತು.

“ನೀವು ತಿರುವಲೇ ಇಲ್ಲ ಮಿಸ್,” ಅಂದಳು ಶಾಹೀನ್,
ಬೈಯುವ ದನಿಯಲ್ಲಲ್ಲ,
ಪಾಠ ಒಪ್ಪಿಸುವ ದನಿಯಲ್ಲಿ.

ಹಾಗಾಗಿ ಹಾಜರಿ ಪುಸ್ತಕಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು
ಎಂಟಕ್ಕೊಂದು ಹೆಸರು ಎತ್ತಿದೆವು,
ಒಂದನೇ ಕ್ಲಾಸಿನಿಂದ ಏಳರವರೆಗೆ.
ಕಳೆದ ವರ್ಷದ ಕ್ಯಾಲೆಂಡರ್ ಹರಿದು ಚೀಟಿ.
ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆದು
ಅಡುಗೆಕೋಣೆಯ ಕಿಟಕಿಯಲ್ಲಿಟ್ಟೆವು, ಯಾರೂ ನೋಡದ ಕಡೆ.
ಬರೆಯಲು ಬಾರದವರು ಚಿತ್ರ ಬಿಡಿಸಿದ್ದರು.
ಒಂದು ಸೊನ್ನೆ, ಮೊಟ್ಟೆಯೋ ಚಿಕ್ಕಿಯೋ ಎಂದು
ಕ್ಲಾಸಿನಲ್ಲಿ ಅರ್ಧ ಗಂಟೆ ಜಗಳ.
ಮೊಟ್ಟೆಗೆ ಇಪ್ಪತ್ತೆರಡು ಬಿತ್ತು.
ಬಿಳಿ ಸೀಮೆಸುಣ್ಣ ಮುಗಿದೇ ಹೋಯಿತು,
ಕಂಬದ ತುದಿಯನ್ನು ಉಗುರಲ್ಲಿ ಗೀಚಿದರು.

ಚೀಟಿ ಮಾತ್ರ ಮೂವತ್ತೊಂದಿದ್ದವು.
ಹೆಚ್ಚಿನದರಲ್ಲಿ ಅಕ್ಷರವಿಲ್ಲ.
ನಡುಗುವ ಒಂದು ಸೊನ್ನೆ,
ಮೂಲೆಯಲ್ಲಿ ಅರಿಶಿನದ ಹೆಬ್ಬೆರಳು.
ನಮ್ಮ ಇನ್ನೂರ ನಲವತ್ತರಲ್ಲಿ ಆ ಬೆರಳು ಸೇರುವುದಿಲ್ಲ.
ಲೆಕ್ಕಕ್ಕೆ ಹಿಡಿಯಲಿಲ್ಲ. ಎಸೆಯಲೂ ಇಲ್ಲ.

ಮುಂದಿನ ಶುಕ್ರವಾರ ನೂರಾ ಎಪ್ಪತ್ತಾರು ಬೇಯಿಸಿದರು.
ನೂರಾ ಎಪ್ಪತ್ತೊಂದು ಖರ್ಚಾದವು.
ಅಂದಾಜು ಅಂದರೆ ಬಳೆಯ ಹಾಗೆ, ಅಂದೆ ಮಕ್ಕಳಿಗೆ,
ಕೈಗೆ ತೀರಾ ಅಂಟಿಕೊಳ್ಳಬಾರದು.

ಬೆಲ್ ಆದಮೇಲೆ ರಿಜಿಸ್ಟರ್ ಹಿಡಿದು ಹೋಗಿ
ಎಷ್ಟು ಉಳಿದವು ಅಂತ ಕೇಳಿದೆ.
ಗಂಗಹನುಮಕ್ಕ ಸೆರಗಿನಲ್ಲಿ ಬಾಯಿ ಒರೆಸಿಕೊಂಡು,
“ನಾಲ್ಕು,” ಅಂದಳು.

ನಾಲ್ಕು ಎಂದೇ ಬರೆದೆ.