ಎಡಜೇಬು

ಅರ್ಜಿಯ ಏಳನೇ ಸಾಲಿನಲ್ಲಿ,
ಶಿಕ್ಷೆಯಾಗಿದೆಯೇ ಎಂದು ಕೇಳಿದ್ದ ಕಡೆ
ಹೌದು ಎಂದು ಬರೆದಿದ್ದ ಒಯಾರ್ಸ್,
ಹಾಳೆ ಹರಿಯುವಷ್ಟು ಒತ್ತಿ.
ನುಗ್ಗಿದ ಮನೆಗಳು ಮೂರು. ನಾಲ್ಕೂವರೆ ವರ್ಷ.

ನನ್ನದು ಪಿಯಾನೋ ಸಾಗಿಸುವ ಕಸುಬು.
ರೀಗಾದ ಹಳೆಯ ಕಟ್ಟಡಗಳಿಗೆ ಲಿಫ್ಟಿಲ್ಲ,
ಐದನೇ ಮಹಡಿಯ ಮುದುಕಿಯರಿಗೆಲ್ಲ ಪಿಯಾನೋ ಇದೆ.
ಗಂಡ ಸತ್ತ ಮೇಲೆ ಉಳಿದದ್ದು ಒಂದು ವ್ಯಾನು,
ನಾಲ್ಕು ಪಟ್ಟಿ, ಅಕ್ಕನ ಮಗ ಐಗರ್ಸ್,
ಅವನ ಸೊಂಟನೋವು.
"ಕಂಡವರ ಮನೆಯೊಳಗೆ ಹೋಗುವ ಕೆಲಸವಪ್ಪಾ ಇದು" ಎಂದೆ.
"ಅನುಭವ ಇದೆ" ಎಂದ. ನಗಲಿಲ್ಲ.
ನಾನು ನಕ್ಕೆ. ಹಾಗೆ ಸೇರಿದ.

ಮೆಟ್ಟಿಲ ಮೇಲೆ ಭಾರವೆಲ್ಲ ಕೆಳಗಿನವನದು.
ಮೇಲಿನವನದು ಬರೀ ಹಿಡಿತ, ಬರೀ ಮಾತು:
ತಿರುಗು, ತಾಳು, ಇನ್ನೊಂದು, ಇಳಿಸು.
ಮೇಲಿನವನು ಬಿಟ್ಟರೆ ಕೆಳಗಿನವನು ಇಲ್ಲ.
ಮೊದಲ ದಿನವೇ, ಯಾರೂ ಹೇಳದೆ, ಕೆಳಗೆ ನಿಂತ.
ಗಂಟೆ ಒತ್ತಿ, ಹೆಸರು ಹೇಳಿ, ಬೂಟು ಕಳಚಿ
ಒಳಗೆ ಹೋಗುವುದಷ್ಟೇ ಅವನಿಗೆ ಹೊಸದು.
ಬಾಗಿಲು ತೆರೆಯುವ ತನಕ
ಎರಡು ಹೆಜ್ಜೆ ಹಿಂದೆ ನಿಂತಿರುತ್ತಿದ್ದ,
ಬೀದಿಗೆಲ್ಲ ಕಾಣುವ ಹಾಗೆ.

ಫೆಬ್ರವರಿಯಲ್ಲಿ ಫೋನು. ವಕೀಲರ ಹೆಂಡತಿ ಜ್ವಿರ್ಬುಲೆ:
ಉಂಗುರ ಕಾಣುತ್ತಿಲ್ಲ, ನಿಮ್ಮವರು ಬಂದುಹೋದ ಮೇಲೆ.
ನಿಮ್ಮವರು ಎನ್ನುವಾಗ ಆಕೆಯ ಮನಸ್ಸಿನಲ್ಲಿದ್ದವನು ಒಬ್ಬನೇ.
ಸಾಧ್ಯವೇ ಇಲ್ಲ ಎಂದೆ, ಗಟ್ಟಿಯಾಗಿ.
ಅವನು ಹೊರಗೆ ವ್ಯಾನಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ.
ಆ ಕರಕರ ನಿಲ್ಲುವುದರೊಳಗೆ
ಮೊಳೆಗೆ ನೇತುಹಾಕಿದ್ದ ಅವನ ಕೋಟಿಗೆ
ಕೈ ಹಾಕಿದ್ದೆ.

ಬಲಜೇಬು: ಟ್ರಾಮಿನ ಚೀಟಿ, ಕಪ್ಪು ಬ್ರೆಡ್ಡಿನ ಒಣ ಅಂಚು.
ಎಡಜೇಬು: ತೂತು.
ಏನಿಟ್ಟರೂ ನಿಲ್ಲದ ಜೇಬು.
ತೂತಿನೊಳಗೂ ಬೆರಳು ತೂರಿಸಿ
ಅಸ್ತರಿನ ಉದ್ದಕ್ಕೂ ತಡಕಾಡಿದೆ.
ಇದನ್ನು ಹೇಳದೆ ಬಿಡಬಹುದಿತ್ತು.

ಸಂಜೆ ಉಂಗುರ ಸೋಪಿನ ತಟ್ಟೆಯಡಿ ಸಿಕ್ಕಿತಂತೆ.
ಆಕೆ ಒಂದು ಮಾತು ಆಡಲಿಲ್ಲ,
ಬಾಡಿಗೆಯ ಜೊತೆ ಹತ್ತು ಯೂರೋ ಹೆಚ್ಚಿಗೆ ಕಳಿಸಿದಳು.
ನಾನು ಎಷ್ಟು ಕಳಿಸಲಿ?

ಮರುದಿನ ಅದೇ ಮೊಳೆಯಲ್ಲಿ ಅವನ ಕೋಟು
ಒಳಮೈ ಹೊರಗಾಗಿ,
ಎರಡೂ ಜೇಬು ಎಳೆದು ಬಿಟ್ಟು.

ಬೆಳಗ್ಗೆಯೆಲ್ಲ ನನ್ನ ಬಾಯಿಗೆ ಬೀಗ.
ಮಧ್ಯಾಹ್ನ, ಮೂರನೇ ಮಹಡಿಯ ತಿರುವಿನಲ್ಲಿ
ಐಗರ್ಸನ ಸೊಂಟ ಹಿಡಿದುಕೊಂಡಿತು,
ಮೇಲಿನ ತುದಿ ನನ್ನ ಕೈಗೆ ಬಂತು.
ಇನ್ನೂರು ಕಿಲೋ. ಅದರಡಿಯಲ್ಲಿ ಅವನ ಮುಖ.

"ಎಡಜೇಬಿನಲ್ಲಿ ತೂತಿದೆ" ಎಂದೆ.

ಮರದೊಳಗೆಲ್ಲೋ ಒಂದು ತಂತಿ ತಾನಾಗಿ ಮಿಡಿಯಿತು.
"ಗೊತ್ತು" ಎಂದ ಕೆಳಗಿನಿಂದ.
"ಬಿಡಬೇಡಿ.
ಇನ್ನೊಂದು ಮೆಟ್ಟಿಲು."